ಅಮೋಕ್ಸಿಲ್ ಬರೆದರು, ಡಯೋನಿಲ್ ಕೊಟ್ಟರು

ಒಂದು ಕಾಗದ ತಗೊಂಡು ಇಂಗ್ಲಿಷ್ ಅಕ್ಷರದಲ್ಲಿ ‘ಅಮೋಕ್ಸಿಲ್’ ಅಂತ ಬರೆಯಿರಿ. ಅದರ ಕೆಳಗೆ ‘ಡಯೋನಿಲ್’ ಅಂತ ಬರೆಯಿರಿ. ಅಚ್ಚಿನ ಅಕ್ಷರ ಬೇಡ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದಾರೆ ಅಂದುಕೊಂಡು, ಅಕ್ಷರ ಕೂಡಿಸಿ, ಅವಸರದಲ್ಲಿ ಬರೆಯಿರಿ. ಎರಡರಲ್ಲೂ ಆರು ಅಕ್ಷರ. ಮೂರನೆಯದು ಎರಡರಲ್ಲೂ ಒಂದೇ, ‘ಓ’. ಐದನೆಯದೂ ಒಂದೇ, ಆರನೆಯದೂ ಒಂದೇ. ಬೇರೆಯಾಗಿರುವುದು ಮೂರೇ ಅಕ್ಷರ. ಮೊದಲ ಅಕ್ಷರದ ಚೂಪು ತಲೆ ಸ್ವಲ್ಪ ದುಂಡಗಾದರೆ ಅದು ‘ಡಿ’ ಆಗುತ್ತದೆ. ‘ಎಂ’ನ ಒಂದು ಉಬ್ಬು ಕುಸಿದರೆ ಸಣ್ಣ ‘ಎ’ ಥರ ಕಾಣುತ್ತದೆ. ‘ಎಕ್ಸ್’ನ ಎರಡು ಗೆರೆ ಸರಿಯಾಗಿ ದಾಟದೇ ಹೋದರೆ ‘ಎನ್’.

ಅಮೋಕ್ಸಿಲ್ ಅಂದರೆ ಸೋಂಕಿಗೆ ಕೊಡುವ ಆ್ಯಂಟಿಬಯಾಟಿಕ್, ಅಮಾಕ್ಸಿಸಿಲಿನ್. ಡಯೋನಿಲ್ ಅಂದರೆ ಶುಗರ್ ಇಳಿಸುವ ಮಾತ್ರೆ, ಗ್ಲಿಬೆನ್‌ಕ್ಲಮೈಡ್. ಈ ಎರಡು ಹೆಸರು ಅದಲು ಬದಲಾಗಿ ಇಂಗ್ಲೆಂಡಿನಲ್ಲಿ ಒಬ್ಬ ಮನುಷ್ಯನ ಮೆದುಳು ಹಾಳಾಯಿತು. ಆ ಕೇಸಿನ ಹೆಸರು ‘ಪ್ರೆಂಡರ್‌ಗಾಸ್ಟ್ ವರ್ಸಸ್ ಸ್ಯಾಮ್ ಅಂಡ್ ಡೀ ಲಿಮಿಟೆಡ್’. 1989ರ ಕಾನೂನು ವರದಿಗಳಲ್ಲಿ ಅಚ್ಚಾಗಿದೆ. ಔಷಧದ ತಪ್ಪಿಗೆ ಡಾಕ್ಟರ್ ಎಷ್ಟು ಹೊಣೆ, ಮೆಡಿಕಲ್ ಶಾಪಿನವರು ಎಷ್ಟು ಹೊಣೆ ಅನ್ನುವ ಪ್ರಶ್ನೆಗೆ ನೂರರಲ್ಲಿ ಇಷ್ಟು ಅಂತ ಲೆಕ್ಕ ಹಾಕಿ ಹೇಳಿದ ತೀರ್ಪು ಇದು. ನಾನು ಕೆಲವು ವರ್ಷ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತು ದುಡಿದವನು. ಈ ಕೇಸು ಮೊದಲ ಸಲ ಓದಿದಾಗ ನಿಜವಾಗಿಯೂ ಕೈ ತಣ್ಣಗಾಗಿತ್ತು.

ನಡೆದದ್ದು ಇಷ್ಟು. ರೋಗಿಗೆ ಆಸ್ತಮಾ ಇತ್ತು, ಜೊತೆಗೆ ಎದೆಯಲ್ಲಿ ಸೋಂಕು. ಊರಿನ ಡಾಕ್ಟರ್ ಹತ್ತಿರ ಹೋದರು. ಡಾಕ್ಟರ್ ಒಂದೇ ಚೀಟಿಯಲ್ಲಿ ಮೂರು ಔಷಧ ಬರೆದರು. ಉಸಿರಾಟಕ್ಕೆ ವೆಂಟೊಲಿನ್ ಇನ್‌ಹೇಲರ್, ಫಿಲ್ಲೊಕಾಂಟಿನ್ ಮಾತ್ರೆ. ಸೋಂಕಿಗೆ ಅಮೋಕ್ಸಿಲ್, 250 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಒಟ್ಟು 21 ಮಾತ್ರೆ. ಅಂದರೆ ಒಂದು ವಾರದ ಕೋರ್ಸ್. ಚಿಕಿತ್ಸೆಯಲ್ಲಿ ತಪ್ಪೇನೂ ಇರಲಿಲ್ಲ.

ಚೀಟಿ ಔಷಧ ಅಂಗಡಿಗೆ ಹೋಯಿತು. ಫಾರ್ಮಸಿಸ್ಟ್ ಮೂರನೆಯ ಹೆಸರನ್ನು ಡಯೋನಿಲ್ ಅಂತ ಓದಿಕೊಂಡರು. ಡಬ್ಬ ತೆಗೆದು, ಎಣಿಸಿ, ಲೇಬಲ್ ಹಚ್ಚಿ ಕೊಟ್ಟರು. ರೋಗಿ ಲೇಬಲ್ ನೋಡಿಕೊಂಡು ನಂಬಿ ನುಂಗಿದರು. ಅವರಿಗೆ ಶುಗರ್ ಕಾಯಿಲೆಯೇ ಇರಲಿಲ್ಲ.

ಗ್ಲಿಬೆನ್‌ಕ್ಲಮೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ಬರುವ ಹಾಗೆ ಮಾಡುತ್ತದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದೆಯೋ ಕಮ್ಮಿ ಇದೆಯೋ ಅಂತ ಅದು ನೋಡುವುದಿಲ್ಲ. ಅದರ ಪರಿಣಾಮ ಗಂಟೆಗಟ್ಟಲೆ ಉಳಿಯುತ್ತದೆ. ಶುಗರ್ ಇರುವವರಿಗೇ ಊಟ ತಪ್ಪಿದ ದಿನ ಈ ಮಾತ್ರೆಯಿಂದ ಲೋ ಶುಗರ್ ಆಗಿ ಬೆವರು, ನಡುಕ, ತಲೆಸುತ್ತು ಬರುತ್ತದೆ. ಶುಗರ್ ಇಲ್ಲದವರು 5 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಸಲ ತಗೊಂಡರೆ? ಮೆದುಳು ಬದುಕುವುದೇ ಸಕ್ಕರೆಯ ಮೇಲೆ. ಅದು ಸಿಗದೇ ಹೋದರೆ ಮೊದಲು ಗೊಂದಲ, ಆಮೇಲೆ ಪ್ರಜ್ಞೆ ತಪ್ಪುವುದು. ಹಾಗೇ ಬಿಟ್ಟರೆ ಸರಿಪಡಿಸಲಾಗದ ಹಾನಿ. ಈ ರೋಗಿಗೆ ಆದದ್ದು ಅದೇ. ಮೆದುಳಿಗೆ ಆದ ಪೆಟ್ಟು ಮತ್ತೆ ವಾಸಿಯಾಗಲಿಲ್ಲ.

ಕೇಸು ಮೂವರ ಮೇಲೆ ಹೋಯಿತು. ಅಂಗಡಿಯ ಕಂಪನಿ, ಮಾತ್ರೆ ಕೊಟ್ಟ ಫಾರ್ಮಸಿಸ್ಟ್, ಚೀಟಿ ಬರೆದ ಡಾಕ್ಟರ್. ಕೆಲಸಗಾರ ಕೆಲಸದ ಮೇಲಿದ್ದಾಗ ಮಾಡಿದ ತಪ್ಪಿಗೆ ಮಾಲೀಕನೂ ಹೊಣೆ. ಹಾಗಾಗಿ ಕಂಪನಿಯನ್ನು ಸೇರಿಸಿದ್ದು ಸಹಜ. ಜಗಳ ಇದ್ದದ್ದು ಡಾಕ್ಟರ್ ಮತ್ತು ಫಾರ್ಮಸಿಸ್ಟ್ ನಡುವೆ.

ಡಾಕ್ಟರ ಪರವಾಗಿ ಬಂದ ವಾದ ಗಟ್ಟಿಯಾಗಿತ್ತು. ನನ್ನ ಅಕ್ಷರ ಚೆನ್ನಾಗಿಲ್ಲ ಅಂತಲೇ ಇಟ್ಟುಕೊಳ್ಳಿ, ಆದರೂ ಆ ಚೀಟಿ ನೋಡಿ ಡಯೋನಿಲ್ ಕೊಡಲು ಸಾಧ್ಯವೇ ಇರಲಿಲ್ಲ ಅನ್ನುವುದು ಅದರ ಸಾರ. ಅದಕ್ಕೆ ಅವರ ಕಡೆಯವರು ತೋರಿಸಿದ ಸುಳಿವುಗಳನ್ನು ಇಲ್ಲಿ ನಿಧಾನವಾಗಿ ನೋಡಬೇಕು.

ಚೀಟಿಯಲ್ಲಿ 250 ಮಿಲಿಗ್ರಾಂ ಅಂತ ಇತ್ತು. ಅಮೋಕ್ಸಿಲ್‌ಗೆ ಅದು ಮಾಮೂಲಿ ಶಕ್ತಿ. ಡಯೋನಿಲ್ ಬರುವುದು 5 ಮಿಲಿಗ್ರಾಂನಲ್ಲಿ. 250ರ ಡಯೋನಿಲ್ ಅನ್ನುವ ಮಾತ್ರೆ ಲೋಕದಲ್ಲೇ ಇಲ್ಲ. ಇನ್ನು, ದಿನಕ್ಕೆ ಮೂರು ಸಲ ಅಂತ ಬರೆದಿತ್ತು. ಡಯೋನಿಲ್ ಸಾಮಾನ್ಯವಾಗಿ ದಿನಕ್ಕೆ ಒಂದು ಸಲ. ಒಟ್ಟು 21 ಮಾತ್ರೆ, ಅಂದರೆ ಏಳೇ ದಿನಕ್ಕೆ. ಶುಗರ್ ಏಳು ದಿನಕ್ಕೆ ವಾಸಿಯಾಗುವ ಕಾಯಿಲೆಯಾ? ಶುಗರ್ ಮಾತ್ರೆಯನ್ನು ಜನ ತಿಂಗಳುಗಟ್ಟಲೆ ತಗೊಂಡು ಹೋಗುತ್ತಾರೆ.

ನನಗೆ ತುಂಬಾ ಕಾಡುವುದು ಕೊನೆಯ ಸುಳಿವು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಔಷಧಕ್ಕೆ ನಿಗದಿಯಾದ ಒಂದು ಶುಲ್ಕ ಕೊಡಬೇಕು. ಮಾತ್ರೆ ನುಂಗುವ ಶುಗರ್ ರೋಗಿಗಳಿಗೆ ಆ ಶುಲ್ಕದಿಂದ ವಿನಾಯಿತಿ ಇದೆ. ಈ ರೋಗಿ ಕೌಂಟರಿನಲ್ಲಿ ನಿಂತು ದುಡ್ಡು ಕೊಟ್ಟರು. ಶುಗರ್ ಮಾತ್ರೆ ತಗೊಳ್ಳುವ ಮನುಷ್ಯ ದುಡ್ಡು ಯಾಕೆ ಕೊಡುತ್ತಿದ್ದಾನೆ ಅನ್ನುವ ಪ್ರಶ್ನೆ ಫಾರ್ಮಸಿಸ್ಟ್ ತಲೆಯಲ್ಲಿ ಒಂದು ಕ್ಷಣ ಬಂದಿದ್ದರೂ ಸಾಕಿತ್ತು.

ಇಷ್ಟೆಲ್ಲ ಎದುರಿಗಿದ್ದೂ ತಪ್ಪು ಮಾತ್ರೆ ಹೋಯಿತು. ಹಾಗಾಗಿ ನನ್ನ ಅಕ್ಷರಕ್ಕೂ ರೋಗಿಗಾದ ಹಾನಿಗೂ ಇದ್ದ ಕೊಂಡಿ ಅಲ್ಲಿಗೇ ಕಡಿದುಹೋಯಿತು, ಪೂರ್ತಿ ಹೊಣೆ ಫಾರ್ಮಸಿಸ್ಟ್‌ದೇ ಅನ್ನುವುದು ಡಾಕ್ಟರ ವಾದ.

ಕೋರ್ಟು ಅರ್ಧ ಒಪ್ಪಿತು. ಸುಳಿವುಗಳು ಇದ್ದದ್ದು ನಿಜ. ಅವುಗಳನ್ನು ನೋಡಿ ಫಾರ್ಮಸಿಸ್ಟ್ ಎಚ್ಚೆತ್ತುಕೊಳ್ಳಬೇಕಿತ್ತು, ಅನುಮಾನ ಬಂದಾಗ ಡಾಕ್ಟರಿಗೆ ಫೋನ್ ಮಾಡಬೇಕಿತ್ತು. ಆದರೆ ಕೊಂಡಿ ಕಡಿಯಲಿಲ್ಲ. ಬೇರೆ ಔಷಧದ ಹೆಸರಿನ ಹಾಗೆ ಓದಿಸಿಕೊಳ್ಳುವ ಅಕ್ಷರ ಬರೆದರೆ ಯಾರೋ ಒಬ್ಬರು ಹಾಗೆ ಓದಿಯೇ ಓದುತ್ತಾರೆ. ಅದು ಡಾಕ್ಟರಿಗೆ ಮುಂಚೆಯೇ ಗೊತ್ತಿರಬೇಕಾದ ವಿಷಯ. ಚೀಟಿ ಓದುವವರು ಕೆಲಸದ ಗಡಿಬಿಡಿಯಲ್ಲಿರಬಹುದು, ಗಮನ ಕಮ್ಮಿ ಇರಬಹುದು. ಅಂಥವರಿಗೂ ಅರ್ಥವಾಗುವಷ್ಟು ಸ್ಪಷ್ಟವಾಗಿ ಬರೆಯುವುದು ಡಾಕ್ಟರ ಕರ್ತವ್ಯದೊಳಗೇ ಬರುತ್ತದೆ ಅಂತ ಕೋರ್ಟು ಹೇಳಿತು. ಡಾಕ್ಟರು ಮೇಲ್ಮನವಿ ಹಾಕಿದರು. ಅಪೀಲು ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಫಾರ್ಮಸಿಸ್ಟ್ ಕಡೆಗೆ 75, ಡಾಕ್ಟರ ಕಡೆಗೆ 25. ಪರಿಹಾರ ಒಟ್ಟು 1,19,302 ಪೌಂಡ್. ಲೆಕ್ಕ ಹಾಕಿದರೆ ಆ ಕೆಟ್ಟ ಅಕ್ಷರದ ಪಾಲು ಸುಮಾರು 29,825 ಪೌಂಡ್.

ಈ ಹಂಚಿಕೆ ನನಗೆ ಸರಿ ಅನ್ನಿಸುತ್ತದೆ. ಡಾಕ್ಟರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಅಂತ ನಾವೆಲ್ಲ ನಕ್ಕು ಸುಮ್ಮನಾಗುತ್ತೇವೆ. ಅದು ಸ್ವಭಾವ ಅಂತ ಬಿಟ್ಟುಬಿಡುತ್ತೇವೆ. ಅದು ನಿರ್ಲಕ್ಷ್ಯ, ಅದಕ್ಕೆ ಬೆಲೆ ಇದೆ ಅಂತ ಈ ತೀರ್ಪು ಹೇಳಿತು. ಮುಕ್ಕಾಲು ಪಾಲು ಫಾರ್ಮಸಿಸ್ಟ್ ಮೇಲೆ ಹಾಕಿದ್ದೂ ನ್ಯಾಯವೇ. ಬರೆದದ್ದನ್ನು ಎತ್ತಿಕೊಡುವುದಷ್ಟೇ ಅವರ ಕೆಲಸ ಆಗಿದ್ದರೆ ಓದು, ರಿಜಿಸ್ಟ್ರೇಷನ್ ಯಾಕೆ ಬೇಕಿತ್ತು? ಔಷಧ ರೋಗಿಯ ಬಾಯಿಗೆ ಹೋಗುವ ಮುಂಚೆ ಅದನ್ನು ತಿಳಿದವರು ನೋಡುವ ಕೊನೆಯ ಜಾಗ ಆ ಕೌಂಟರು. ಅಲ್ಲಿಂದ ಮುಂದೆ ಇರುವುದು ರೋಗಿ ಮಾತ್ರ. ಅವನಿಗೆ 250ಕ್ಕೂ 5ಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಕೌಂಟರಿನ ಒಂದು ಸಂಜೆಯ ಮಾತು ಹೇಳುತ್ತೇನೆ. ಏಳು ಗಂಟೆ, ಅಂಗಡಿ ಮುಂದೆ ಜನ. ಒಬ್ಬ ಅಜ್ಜ ಚೀಟಿ ಕೊಟ್ಟರು. ಶೆಲ್ಫ್ ಹತ್ತಿರ ನಿಂತಿದ್ದ ಹುಡುಗ ಚೀಟಿ ಓದಿ ಡಯಾನಾರ್ಮ್ ಸ್ಟ್ರಿಪ್ ತೆಗೆದು ಕೌಂಟರಿನ ಮೇಲಿಟ್ಟ. ಅದು ಶುಗರ್ ಮಾತ್ರೆ. ನಾನು ಬಿಲ್ ಹಾಕಲು ಹೊರಟವನು, ಯಾಕೋ ಕೇಳಿದೆ: “ಅಜ್ಜಾ, ಶುಗರ್ ಇದೆಯಾ?” ಅವರು ಕೈ ಅಲ್ಲಾಡಿಸಿದರು. “ಇಲ್ಲಪ್ಪ, ಕಣ್ಣಲ್ಲಿ ಪ್ರೆಷರ್ ಅಂತೆ, ಅದಕ್ಕೆ ಬರ್ಕೊಟ್ಟಿದ್ದು.” ಚೀಟಿ ಮತ್ತೆ ನೋಡಿದೆ. ಟ್ಯೂಬ್‌ಲೈಟಿನ ಹತ್ತಿರ ಹಿಡಿದು ನೋಡಿದೆ. ಡಯಾಮಾಕ್ಸ್. ಕಣ್ಣಿನ ಒತ್ತಡ ಇಳಿಸುವ ಮಾತ್ರೆ. ಪಕ್ಕದಲ್ಲಿ 250 ಅಂತಲೂ ಇತ್ತು. ಹುಡುಗನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಆ ಅಜ್ಜ ಕಿವಿ ಕೇಳದವರಾಗಿದ್ದರೆ, ಅಥವಾ ಮಗನ ಕೈಲಿ ಚೀಟಿ ಕಳಿಸಿದ್ದರೆ ಆ ಸ್ಟ್ರಿಪ್ ಹೋಗಿಬಿಡುತ್ತಿತ್ತು. ಅವತ್ತಿನಿಂದ ಶುಗರ್ ಮಾತ್ರೆ ಕೊಡುವಾಗ ಆ ಪ್ರಶ್ನೆ ಕೇಳದೆ ನಾನು ಕೊಟ್ಟಿಲ್ಲ.

ಇಂಗ್ಲೆಂಡಿನ ಆ ಘಟನೆ ನಮ್ಮಲ್ಲಿ ನಡೆದಿದ್ದರೆ ಏನಾಗುತ್ತಿತ್ತು? ನಿಯಮಗಳು ನಮ್ಮಲ್ಲೂ ಇವೆ. 2002ರ ವೈದ್ಯರ ನಡವಳಿಕೆ ನಿಯಮಗಳಿಗೆ 2016ರಲ್ಲಿ ತಿದ್ದುಪಡಿ ಆಯಿತು. ಔಷಧದ ಜೆನೆರಿಕ್ ಹೆಸರನ್ನು, ಅಂದರೆ ಕಂಪನಿ ಇಟ್ಟ ಹೆಸರಲ್ಲದ ಮೂಲ ಹೆಸರನ್ನು, ಓದಲು ಬರುವ ಹಾಗೆ, ಆದಷ್ಟೂ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತ ಅದು ಹೇಳುತ್ತದೆ. ಈ ಕೇಸಿಗೆ ಅದನ್ನು ಹಚ್ಚಿ ನೋಡಿ. ಅಮಾಕ್ಸಿಸಿಲಿನ್ ಅಂತ ಬರೆದಿದ್ದರೆ ಅದನ್ನು ಎಷ್ಟೇ ಗೀಚಿದ್ದರೂ ಗ್ಲಿಬೆನ್‌ಕ್ಲಮೈಡ್ ಅಂತ ಓದಲು ಯಾರಿಗೂ ಆಗುತ್ತಿರಲಿಲ್ಲ. 2025ರ ಆಗಸ್ಟಿನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೇರೊಂದು ಕ್ರಿಮಿನಲ್ ಕೇಸಿನಲ್ಲಿ ಬಂದಿದ್ದ ವೈದ್ಯಕೀಯ ವರದಿಯ ಅಕ್ಷರ ನ್ಯಾಯಮೂರ್ತಿಗಳಿಗೇ ಓದಲು ಆಗಲಿಲ್ಲ. ಓದಲು ಬರುವ ಚೀಟಿ ರೋಗಿಯ ಮೂಲಭೂತ ಹಕ್ಕಿನ ಭಾಗ ಅಂತ ಅವರು ಆದೇಶ ಬರೆದರು.

ಅಂಗಡಿ ಕಡೆಯ ನಿಯಮ ಇನ್ನೂ ಹಳೆಯದು. 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ ಚೀಟಿಯ ಔಷಧವನ್ನು ರಿಜಿಸ್ಟರ್ಡ್ ಫಾರ್ಮಸಿಸ್ಟ್ ತಾನೇ ಕೊಡಬೇಕು, ಇಲ್ಲವೇ ಅವರ ಕಣ್ಣೆದುರೇ ಕೊಡಬೇಕು. ಶೆಡ್ಯೂಲ್ ಎಚ್‌ನಲ್ಲಿರುವ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿರುವ ಔಷಧ ಬರೆದಿದ್ದರೆ ಅದರ ಬದಲು ಬೇರೆ ಏನನ್ನೂ ಕೊಡುವ ಹಾಗಿಲ್ಲ. 2015ರ ಫಾರ್ಮಸಿ ಪ್ರ್ಯಾಕ್ಟೀಸ್ ನಿಯಮಗಳು ಚೀಟಿಯನ್ನು ಪರಿಶೀಲಿಸುವುದು, ರೋಗಿಗೆ ತಿಳಿಸಿ ಹೇಳುವುದು ಎರಡನ್ನೂ ಫಾರ್ಮಸಿಸ್ಟ್ ಕೆಲಸ ಅಂತಲೇ ಬರೆದಿವೆ. ಆದರೆ ಎಷ್ಟೋ ಅಂಗಡಿಗಳಲ್ಲಿ ಸರ್ಟಿಫಿಕೇಟ್ ಗೋಡೆ ಮೇಲಿರುತ್ತದೆ, ಅದರಲ್ಲಿ ಹೆಸರಿರುವ ಮನುಷ್ಯ ಅಂಗಡಿಯಲ್ಲಿ ಇರುವುದಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಂಗ್ಲೆಂಡಿನ ಆ ಫಾರ್ಮಸಿಸ್ಟ್ ಓದುವುದರಲ್ಲಿ ಎಡವಿದರು, ಆದರೆ ಓದಿದ್ದು ಕಲಿತವರೇ. ಕಲಿತವರು ಸ್ಥಳದಲ್ಲೇ ಇಲ್ಲದೆ ಇಂಥ ತಪ್ಪಾದರೆ ಅಂಗಡಿಯವರ ಪರವಾಗಿ ಹೇಳಲು ಏನೂ ಉಳಿಯುವುದಿಲ್ಲ.

ಪರಿಹಾರದ ದಾರಿ ನಮ್ಮಲ್ಲಿ ಗ್ರಾಹಕ ಆಯೋಗ. ದುಡ್ಡು ತಗೊಂಡು ಮಾಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ 1995ರಲ್ಲಿ ವಿ.ಪಿ. ಶಾಂತಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಅದರೊಳಗೆ ಬರುವುದಿಲ್ಲ, ಅಲ್ಲಿನ ತಪ್ಪಿಗೆ ಸಿವಿಲ್ ಕೋರ್ಟಿಗೆ ಹೋಗಬೇಕು. 2019ರ ಕಾನೂನಿನಲ್ಲಿ ಯಾವ ಆಯೋಗ ಅನ್ನುವುದು ನೀವು ಕೊಟ್ಟ ಬೆಲೆಯ ಮೇಲೆ ನಿಂತಿದೆ. ಮಾತ್ರೆಗೆ, ಡಾಕ್ಟರ ಫೀಸಿಗೆ ಕೊಟ್ಟದ್ದು ಎಷ್ಟಿರಬಹುದು? ಹಾಗಾಗಿ ಇಂಥ ಕೇಸು ಸಾಮಾನ್ಯವಾಗಿ ಜಿಲ್ಲಾ ಆಯೋಗಕ್ಕೇ ಹೋಗುತ್ತದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು, ಇದೊಂದು ಮರೆಯಬಾರದು. ಡಾಕ್ಟರ್, ಅಂಗಡಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡುವುದು ಒಳ್ಳೆಯದು. ಒಬ್ಬರನ್ನೇ ಹಾಕಿದರೆ ಅವರು ಬೆರಳನ್ನು ಇನ್ನೊಬ್ಬರ ಕಡೆ ತೋರಿಸಿ ಕೂರುತ್ತಾರೆ.

ಕ್ರಿಮಿನಲ್ ಕೇಸು ಬೇರೆ ಮಾತು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಡಾಕ್ಟರನ್ನು ಶಿಕ್ಷೆಗೆ ಗುರಿ ಮಾಡಬೇಕಾದರೆ ನಿರ್ಲಕ್ಷ್ಯ ತೀರಾ ದೊಡ್ಡದಿರಬೇಕು. ಪೊಲೀಸರು ಮುಂದುವರಿಯುವ ಮೊದಲು ಬೇರೆ ವೈದ್ಯರ ಅಭಿಪ್ರಾಯ ಪಡೆಯಬೇಕು. ಈ ಎರಡು ದಾರಿ ಎಷ್ಟು ಬೇರೆ ಅನ್ನುವುದಕ್ಕೆ ಕೋಲ್ಕತ್ತದ 1998ರ ಕೇಸು ನೋಡಿ. ಅಮೆರಿಕದಿಂದ ರಜೆಗೆ ಬಂದಿದ್ದ ಮಹಿಳೆಗೆ ಚರ್ಮದ ಅಲರ್ಜಿ ಆಯಿತು. ನಿಧಾನವಾಗಿ ಕೆಲಸ ಮಾಡುವ ಡೆಪೋಮೆಡ್ರಾಲ್ ಅನ್ನುವ ಸ್ಟೆರಾಯ್ಡ್ ಇಂಜೆಕ್ಷನನ್ನು ದಿನಕ್ಕೆ ಎರಡು ಸಲ, 80 ಮಿಲಿಗ್ರಾಂ ಕೊಡಲು ಬರೆಯಲಾಯಿತು. ಅವರು ಉಳಿಯಲಿಲ್ಲ. ಅಲ್ಲಿ ಅಕ್ಷರದ ಗೊಂದಲ ಇರಲಿಲ್ಲ, ಬರೆದ ಪ್ರಮಾಣವೇ ತಪ್ಪಾಗಿತ್ತು. 2009ರಲ್ಲಿ ಸುಪ್ರೀಂ ಕೋರ್ಟು ಕ್ರಿಮಿನಲ್ ಆರೋಪದಿಂದ ವೈದ್ಯರನ್ನು ಬಿಟ್ಟದ್ದು ಸರಿ ಅಂತ ಹೇಳಿತು, ಅದೇ ತೀರ್ಪಿನಲ್ಲಿ ನಿರ್ಲಕ್ಷ್ಯ ಆಗಿದೆ ಅಂತಲೂ ಹೇಳಿತು. 2013ರಲ್ಲಿ ಸುಮಾರು 6 ಕೋಟಿ ರೂಪಾಯಿ ಪರಿಹಾರ, ಮೇಲೆ ಶೇಕಡ 6 ಬಡ್ಡಿ ಕೊಡಿಸಿತು.

ಈಗ ಹೊಸ ಕಾನೂನಿನ ಒಂದು ವಿಚಿತ್ರ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 106(1)ರಲ್ಲಿ ನಿರ್ಲಕ್ಷ್ಯದಿಂದ ಸಾವು ತಂದರೆ 5 ವರ್ಷದವರೆಗೆ ಜೈಲು. ವೈದ್ಯಕೀಯ ಪ್ರಕ್ರಿಯೆ ಮಾಡುವಾಗ ನೋಂದಾಯಿತ ವೈದ್ಯರಿಂದ ಆದರೆ 2 ವರ್ಷದವರೆಗೆ. ವೈದ್ಯರು ಅಂದರೆ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವವರು ಅಂತ ಅಲ್ಲೇ ವಿವರಣೆ ಇದೆ. ಫಾರ್ಮಸಿಸ್ಟ್ ಅದರಲ್ಲಿ ಬರುವುದಿಲ್ಲ. ಅಂದರೆ ಒಂದೇ ಚೀಟಿ, ಇಬ್ಬರ ತಪ್ಪು, ಒಂದು ಸಾವು. ಒಬ್ಬರಿಗೆ ಹೆಚ್ಚೆಂದರೆ 2 ವರ್ಷ, ಇನ್ನೊಬ್ಬರಿಗೆ 5. ಚೀಟಿ ಬರೆಯುವುದು ‘ವೈದ್ಯಕೀಯ ಪ್ರಕ್ರಿಯೆ’ಯೇ ಅನ್ನುವುದೂ ವಾದಕ್ಕೆ ಬರುವ ಮಾತು. ತಿಂಗಳಿಗೆ ಸಣ್ಣ ಸಂಬಳಕ್ಕೆ ಹನ್ನೆರಡು ಗಂಟೆ ನಿಲ್ಲುವ ಫಾರ್ಮಸಿಸ್ಟ್‌ಗಳನ್ನು ನಾನು ಬಲ್ಲೆ. ಅವರಲ್ಲಿ ಎಷ್ಟು ಜನರಿಗೆ ಇದು ಗೊತ್ತಿದೆಯೋ.

ಜೈಲಿನ ಭಯದಿಂದ ಏನಾಗುತ್ತದೆ ಅನ್ನುವುದನ್ನೂ ಇಂಗ್ಲೆಂಡ್ ಕಂಡಿದೆ. 2007ರಲ್ಲಿ ಅಲ್ಲಿನ ಒಬ್ಬ ಫಾರ್ಮಸಿಸ್ಟ್ ಪ್ರೆಡ್ನಿಸೋಲೋನ್ ಅನ್ನುವ ಸ್ಟೆರಾಯ್ಡ್ ಕೊಡುವ ಜಾಗದಲ್ಲಿ ಬಿಪಿ, ಹೃದಯಕ್ಕೆ ಕೊಡುವ ಪ್ರೊಪ್ರನಲಾಲ್ ಕೊಟ್ಟರು. ಇವೆರಡೂ ಜೆನೆರಿಕ್ ಹೆಸರೇ. ಹಾಗಾಗಿ ಜೆನೆರಿಕ್ ಬರೆದುಬಿಟ್ಟರೆ ಎಲ್ಲ ಸರಿಯಾಯಿತು ಅಂದುಕೊಳ್ಳುವ ಹಾಗೂ ಇಲ್ಲ. 2009ರಲ್ಲಿ ಆಕೆಗೆ ಅಮಾನತಿನಲ್ಲಿಟ್ಟ ಮೂರು ತಿಂಗಳ ಜೈಲು ಶಿಕ್ಷೆ ಆಯಿತು. ಮರುವರ್ಷ ಅಪೀಲಿನಲ್ಲಿ ಅದು 300 ಪೌಂಡ್ ದಂಡಕ್ಕೆ ಇಳಿಯಿತು. ತಪ್ಪು ಒಪ್ಪಿಕೊಂಡರೆ ಅಪರಾಧಿ ಅನ್ನಿಸಿಕೊಳ್ಳಬೇಕು ಅಂತಾದರೆ ಯಾರು ತಾನೇ ಬಾಯಿ ಬಿಡುತ್ತಾರೆ ಅಂತ ಅಲ್ಲಿನ ಫಾರ್ಮಸಿಸ್ಟ್‌ಗಳು ಕೇಳಿದರು. 2018ರಲ್ಲಿ ಕಾನೂನು ಬದಲಾಯಿತು. ಗೊತ್ತಿಲ್ಲದೆ ಆದ ತಪ್ಪನ್ನು ತಿಳಿದ ಕೂಡಲೇ ರೋಗಿಗೆ ತಿಳಿಸಲು ಮುಂದಾದ ಫಾರ್ಮಸಿಸ್ಟ್‌ಗೆ ಕ್ರಿಮಿನಲ್ ಕೇಸಿನಲ್ಲಿ ರಕ್ಷಣೆ ಸಿಕ್ಕಿತು. ಪರಿಹಾರದ ಹೊಣೆ ಹಾಗೇ ಉಳಿಯಿತು. ನಮ್ಮಲ್ಲೂ ಇಂಥದ್ದು ಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ತಪ್ಪು ಸ್ಟ್ರಿಪ್ ಹೋಗಿದೆ ಅಂತ ಸಂಜೆ ಗೊತ್ತಾದರೆ ರಾತ್ರಿಯೊಳಗೆ ಫೋನ್ ಮಾಡುವ ಧೈರ್ಯ ಅಂಗಡಿಯವನಿಗೆ ಇರಬೇಕು. ಲೋ ಶುಗರ್‌ನಲ್ಲಿ ಆ ಕೆಲವೇ ಗಂಟೆಗಳಲ್ಲಿ ಮೆದುಳು ಉಳಿಯುತ್ತದೆ ಅಥವಾ ಹೋಗುತ್ತದೆ.

ಕೊನೆಗೆ ಒಂದು ಕೆಲಸದ ಮಾತು. ಪ್ರೆಂಡರ್‌ಗಾಸ್ಟ್ ಕೇಸು ನಿಂತದ್ದೇ ಆ ಚೀಟಿಯ ಮೇಲೆ. ಇಂಗ್ಲೆಂಡಿನಲ್ಲಿ ಸರ್ಕಾರಿ ವ್ಯವಸ್ಥೆಯ ಚೀಟಿಯನ್ನು ಅಂಗಡಿಯವರು ಇಟ್ಟುಕೊಂಡು ಹಣಕ್ಕಾಗಿ ಮೇಲೆ ಕಳಿಸುತ್ತಾರೆ. ನಮ್ಮಲ್ಲಿ ಚೀಟಿ ವಾಪಸ್ ನಿಮ್ಮ ಕೈಗೇ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಕ್ಯಾಲೆಂಡರಿನ ಮೊಳೆಗೆ ಚುಚ್ಚಿಕೊಂಡು, ಆಮೇಲೆ ಎಲ್ಲೋ ಕಳೆದುಹೋಗುತ್ತದೆ. ಅನುಮಾನ ಬಂದ ದಿನವೇ ಚೀಟಿಯ ಫೋಟೋ ತೆಗೆಯಿರಿ. ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಔಷಧದ ಹೆಸರು, ಬ್ಯಾಚ್ ನಂಬರ್ ಇರಲಿ. ಅರ್ಧ ಖಾಲಿಯಾದ ಸ್ಟ್ರಿಪ್ ಎಸೆಯಬೇಡಿ. ಅಂಗಡಿಯವರು “ಕೊಡಿ, ಬದಲಾಯಿಸಿ ಕೊಡ್ತೀವಿ” ಅಂದರೂ ಆ ಹಳೆಯ ಸ್ಟ್ರಿಪ್ ನಿಮ್ಮ ಹತ್ತಿರವೇ ಇರಲಿ. ಆಸ್ಪತ್ರೆಗೆ ಸೇರಿಸುವ ಹೊತ್ತಿನಲ್ಲಿ ಗ್ಲೂಕೋಮೀಟರಿನಲ್ಲಿ ಬಂದ ಅಂಕಿಯನ್ನು ಗಂಟೆ ಸಮೇತ ಬರೆಸಿಕೊಳ್ಳಿ.